ವರ್ಚುವಲ್‌ಬಾಕ್ಸ್ ಅಳವಡಿಕೆಯನ್ನು ಸ್ಕ್ರಿಪ್ಟ್‌ಗೆ ಒಪ್ಪಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜೊಂದರ ಲ್ಯಾಬ್‌ನಲ್ಲಿ 40 ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸೆಮಿಸ್ಟರ್ ಶುರುವಾಗುವ ಮುನ್ನ ಪ್ರತಿಯೊಂದರಲ್ಲೂ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್‌ನೊಳಗೆ ಇನ್ನೊಂದು ‘ವರ್ಚುವಲ್’ ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿ, ಅದರೊಳಗೆ ಒಂದು ಉಬುಂಟು (ಲಿನಕ್ಸ್‌ನ ಒಂದು ಬಗೆ) ಕೂರಿಸಿ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಬೇಕು. ಮೊದಲ ಸಲ ಎಲ್ಲವನ್ನೂ ಕೈಯಲ್ಲೇ ಮಾಡಿದೆ. ನಾಲ್ಕು ದಿನ ಹಿಡಿಯಿತು. ಮುಗಿದ ಮೇಲೆ ನೋಡಿದರೆ ಒಂದು ಯಂತ್ರದಂತೆ ಇನ್ನೊಂದು ಇರಲಿಲ್ಲ. ಆಮೇಲೆ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟು ಒಮ್ಮೆಗೇ ಓಡಿಸುವ ಕಡತ) ಹಿಡಿದೆ. ಅಂದಿನಿಂದ ಬೇರೆ ಲ್ಯಾಬ್‌ನವರು, ವಿದ್ಯಾರ್ಥಿಗಳು, ಮನೆಯಲ್ಲಿ ಕಲಿಯುತ್ತಿರುವವರು ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದು ಸೂಚನೆ: ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ‘ಆಯ್ಕೆ’ ಎಂದು ಹೇಳಿದ ಪದಗಳ ಆರಂಭದಲ್ಲಿ ಎರಡು ಅಡ್ಡಗೆರೆ (--) ಹಾಕುವುದನ್ನು ಮರೆಯಬೇಡಿ.

## ಶುರು ಮಾಡುವ ಮುನ್ನ

ವರ್ಚುವಲ್‌ಬಾಕ್ಸ್ ಯಾರದು? ದುಡ್ಡು ಕೊಡಬೇಕೇ?

ಜರ್ಮನಿಯ ಇನೊಟೆಕ್ ಎಂಬ ಕಂಪನಿ ಇದನ್ನು 2007ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದಿತು. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇನೊಟೆಕ್ ಅನ್ನು ಕೊಂಡಿತು, 2010ರಲ್ಲಿ ಸನ್ ಅನ್ನು ಒರಾಕಲ್ ಕೊಂಡಿತು. ಮೂಲ ಪ್ಯಾಕೇಜ್ ಈಗಲೂ ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿಯಲ್ಲೇ ಇದೆ, ಉಚಿತ. ಎಡವುವುದು ‘ಎಕ್ಸ್‌ಟೆನ್ಷನ್ ಪ್ಯಾಕ್’ ಎಂಬ ಹೆಚ್ಚುವರಿ ಕಂತೆಯಲ್ಲಿ. ಅದು ಸ್ವಂತ ಬಳಕೆಗೆ, ಕಲಿಕೆಗೆ, ಪರೀಕ್ಷಿಸಿ ನೋಡುವುದಕ್ಕೆ ಮಾತ್ರ ಉಚಿತ. ಕಂಪನಿ ಕೆಲಸಕ್ಕೆ ಬಳಸಿದರೆ ಹಣ ಕಟ್ಟಬೇಕು. 7.0 ಆವೃತ್ತಿಯಿಂದ ಯುಎಸ್‌ಬಿ 2 ಮತ್ತು 3ರ ಬೆಂಬಲ ಮೂಲ ಪ್ಯಾಕೇಜಿಗೇ ಬಂದಿರುವುದರಿಂದ ಹೆಚ್ಚಿನವರಿಗೆ ಆ ಕಂತೆಯ ಅಗತ್ಯವೇ ಇಲ್ಲ. ನಮ್ಮ ಲ್ಯಾಬ್‌ನಲ್ಲಿ ಹಾಕಿಲ್ಲ.

ನನ್ನ ಬಳಿ ಇರುವುದು ಒಂದೇ ಕಂಪ್ಯೂಟರ್. ‘ನೆಕ್ಸ್ಟ್’ ಒತ್ತುತ್ತ ಹೋದರೆ ಆಗುವ ಕೆಲಸಕ್ಕೆ ಸ್ಕ್ರಿಪ್ಟ್ ಏಕೆ?

ಒಂದೇ ಸಲ ಮಾಡುವುದಾದರೆ ಖಂಡಿತ ಬೇಡ. ಆದರೆ ವರ್ಚುವಲ್ ಯಂತ್ರವನ್ನು ಕಲಿಯಲು ಇಟ್ಟುಕೊಳ್ಳುವವರು ಅದನ್ನು ಕೆಡಿಸಿಯೇ ತೀರುತ್ತಾರೆ, ಕೆಡಿಸಬೇಕು ಕೂಡ. ಮೂರನೆಯ ಸಲ ಕಟ್ಟುವ ಹೊತ್ತಿಗೆ ಮೊದಲ ಸಲ ಎಷ್ಟು ಮೆಮೊರಿ ಕೊಟ್ಟಿದ್ದೆ, ಯಾವ ಪೋರ್ಟ್ (ಜಾಲ ಸಂಪರ್ಕದ ಬಾಗಿಲು) ತೆರೆದಿದ್ದೆ ಎಂಬುದು ಮರೆತಿರುತ್ತದೆ. ಅಡುಗೆ ರುಚಿಯಾಗಿದ್ದ ದಿನ ಅಳತೆ ಬರೆದಿಟ್ಟುಕೊಳ್ಳದವರ ಪಾಡು ಅದು. ಮೊದಲ ಸಲ ಮಾತ್ರ ಕೈಯಲ್ಲೇ ಮಾಡಿ, ಒತ್ತಿದ ಪ್ರತಿ ಗುಂಡಿಯನ್ನೂ ಬರೆದುಕೊಳ್ಳಿ. ಆ ಪಟ್ಟಿಯೇ ಸ್ಕ್ರಿಪ್ಟಿನ ಕರಡು.

ನನ್ನ ಲ್ಯಾಪ್‌ಟಾಪ್ ಇದಕ್ಕೆ ಸಾಕಾಗುತ್ತದೆಯೇ?

ಹೊರಗಿನ ಯಂತ್ರದಲ್ಲಿ (ಹೋಸ್ಟ್ ಎನ್ನುತ್ತಾರೆ) 8 ಜಿಬಿ ರ‍್ಯಾಮ್ ಇದ್ದರೆ ಒಳಗಿನದಕ್ಕೆ (ಗೆಸ್ಟ್) 4 ಜಿಬಿ ಕೊಡಬಹುದು. ಉಬುಂಟು ಡೆಸ್ಕ್‌ಟಾಪ್ ಕಷ್ಟಪಟ್ಟಾದರೂ ಓಡುತ್ತದೆ. 16 ಇದ್ದರೆ ನಿಶ್ಚಿಂತೆ. ಡಿಸ್ಕ್‌ನಲ್ಲಿ 25 ಜಿಬಿ ಖಾಲಿ ಇರಲಿ. ಪ್ರೊಸೆಸರ್‌ನಲ್ಲಿ ವರ್ಚುವಲ್ ಯಂತ್ರ ನಡೆಸಲು ನೆರವಾಗುವ ಇಂಟೆಲ್‌ನ ವಿಟಿ-ಎಕ್ಸ್ ಅಥವಾ ಎಎಂಡಿಯ ಎಎಂಡಿ-ವಿ ಸೌಲಭ್ಯ ಇರಲೇಬೇಕು. ಅದಿಲ್ಲದೆಯೂ ತಂತ್ರಾಂಶದ ಬಲದಿಂದಲೇ ನಡೆಸುವ ಹಳೆಯ ಉಪಾಯವನ್ನು ವರ್ಚುವಲ್‌ಬಾಕ್ಸ್ 6.1ರಲ್ಲಿ ತೆಗೆದುಹಾಕಿದರು.

ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಮಾಡುವುದನ್ನೂ ಸ್ಕ್ರಿಪ್ಟ್ ಮಾಡುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಸ್ಕ್ರಿಪ್ಟ್ ಓಡುವುದು ಆಪರೇಟಿಂಗ್ ಸಿಸ್ಟಮ್ ಎದ್ದ ಮೇಲೆ, ಬಯೋಸ್ ಅದಕ್ಕೂ ಮೊದಲಿನ ಲೋಕ. ಡೆಲ್, ಎಚ್‌ಪಿ ತಮ್ಮ ಕಚೇರಿ ಮಾದರಿಗಳಿಗೆ ಬಯೋಸ್ ಬದಲಿಸುವ ಉಪಕರಣಗಳನ್ನು ಕೊಡುತ್ತವೆ. ಜೋಡಿಸಿದ ಕಂಪ್ಯೂಟರ್‌ಗಳಲ್ಲಿ ಕೈಯೇ ಗತಿ. ಇಂಟೆಲ್ ಯಂತ್ರದಲ್ಲಿ ‘ಇಂಟೆಲ್ ವರ್ಚುವಲೈಸೇಷನ್ ಟೆಕ್ನಾಲಜಿ’ ಎಂದೂ ಎಎಂಡಿ ಯಂತ್ರದಲ್ಲಿ ‘ಎಸ್‌ವಿಎಂ ಮೋಡ್’ ಎಂದೂ ಹುಡುಕಿ. ಸ್ಕ್ರಿಪ್ಟ್ ಮಾಡಬಹುದಾದದ್ದು ಒಂದೇ: ಮೊದಲ ಸಾಲಿನಲ್ಲೇ ಪರೀಕ್ಷಿಸಿ, ಆಫ್ ಇದ್ದರೆ ಸ್ಪಷ್ಟವಾಗಿ ಹೇಳಿ ನಿಂತುಬಿಡುವುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ, ಪರ್ಫಾರ್ಮೆನ್ಸ್ ಪುಟದ ಸಿಪಿಯು ವಿಭಾಗದಲ್ಲಿ ಇದು ಕಣ್ಣಿಗೇ ಕಾಣುತ್ತದೆ.

## ಹೊರಗಿನ ಯಂತ್ರದ ಮೇಲೆ ಅಳವಡಿಕೆ

ವಿಂಡೋಸ್‌ನಲ್ಲಿ ಒಂದು ಕಿಟಕಿಯೂ ತೆರೆಯದಂತೆ ಇನ್‌ಸ್ಟಾಲ್ ಮಾಡುವುದು ಹೇಗೆ?

ಎರಡು ದಾರಿಗಳಿವೆ. ಡೌನ್‌ಲೋಡ್ ಮಾಡಿದ ಇನ್‌ಸ್ಟಾಲರ್ ಕಡತಕ್ಕೆ ‘ಸೈಲೆಂಟ್’ ಮತ್ತು ‘ಇಗ್ನೋರ್-ರೀಬೂಟ್’ ಆಯ್ಕೆಗಳನ್ನು ಕೊಟ್ಟು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವುದು ಒಂದು. ತಂತ್ರಾಂಶ ತರಿಸಿ ಹಾಕುವ ವಿಂಡೋಸ್‌ನ ‘ವಿಂಗೆಟ್’ ಕಮಾಂಡಿಗೆ ‘ಒರಾಕಲ್ ಡಾಟ್ ವರ್ಚುವಲ್‌ಬಾಕ್ಸ್’ ಎಂಬ ಗುರುತನ್ನು ಕೊಟ್ಟು ತರಿಸಿಕೊಳ್ಳುವುದು ಇನ್ನೊಂದು. ಲ್ಯಾಬ್‌ಗೆ ಮೊದಲನೆಯದೇ ವಾಸಿ, ಏಕೆಂದರೆ ಎಲ್ಲ ಯಂತ್ರಗಳಿಗೂ ಒಂದೇ ಆವೃತ್ತಿ ಹೋಗುತ್ತದೆ. 40 ಯಂತ್ರಗಳು ಒಟ್ಟಿಗೆ ಇಂಟರ್ನೆಟ್‌ಗೆ ಮುಗಿಬೀಳುವುದೂ ತಪ್ಪುತ್ತದೆ.

ಇಲ್ಲಿ ಮೂರು ಕಡೆ ನಾನು ಮುಗ್ಗರಿಸಿದ್ದೇನೆ. 7.0ರಿಂದ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಕಡತಗಳ ಕಂತೆ) ಮೊದಲೇ ಇರಬೇಕು, ಇಲ್ಲದಿದ್ದರೆ ಇನ್‌ಸ್ಟಾಲರ್ ಮುಂದೆ ಹೋಗುವುದಿಲ್ಲ. ಸ್ಕ್ರಿಪ್ಟ್ ಅದನ್ನು ಮೊದಲು ಹಾಕಲಿ. ಎರಡನೆಯದು, ನೆಟ್‌ವರ್ಕ್ ಡ್ರೈವರ್ ಕೂರಿಸುವಾಗ ಕಂಪ್ಯೂಟರ್‌ನ ನೆಟ್‌ವರ್ಕ್ ಕ್ಷಣಕಾಲ ಕಡಿದುಹೋಗುತ್ತದೆ. ಇನ್‌ಸ್ಟಾಲರ್ ಅನ್ನು ಸರ್ವರ್‌ನ ಹಂಚಿದ ಫೋಲ್ಡರ್‌ನಿಂದ ನೇರವಾಗಿ ಓಡಿಸಿದರೆ ತಾನು ಕೂತ ಕೊಂಬೆಯನ್ನೇ ಅದು ಕಡಿದುಕೊಳ್ಳುತ್ತದೆ. ಮೊದಲು ಆಯಾ ಯಂತ್ರದ ಡಿಸ್ಕ್‌ಗೆ ಇಳಿಸಿ, ಅಲ್ಲಿಂದ ಓಡಿಸಿ. ಇದು ತಿಳಿಯಲು ನನಗೆ ಒಂದಿಡೀ ಮಧ್ಯಾಹ್ನ ಬೇಕಾಯಿತು. ಮೂರನೆಯದಕ್ಕೆ ಮುಂದಿನ ಪ್ರಶ್ನೆಯೇ ಇದೆ.

ಇನ್‌ಸ್ಟಾಲ್ ಆಗಿದೆ, ಆದರೂ ವರ್ಚುವಲ್‌ಬಾಕ್ಸ್ ಅನ್ನು ಕಮಾಂಡ್‌ಗಳಿಂದ ನಡೆಸುವ ‘ವಿಬಾಕ್ಸ್‌ಮ್ಯಾನೇಜ್’ ಎಂದರೆ ಅಂಥ ಕಮಾಂಡ್ ಇಲ್ಲ ಎನ್ನುತ್ತದೆ. ಏಕೆ?

ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ತನ್ನ ಫೋಲ್ಡರ್ ಅನ್ನು ‘ಪಾತ್’ ಪಟ್ಟಿಗೆ (ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿ) ಸೇರಿಸುವುದಿಲ್ಲ. ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್, ಅದರೊಳಗೆ ಒರಾಕಲ್, ಅದರೊಳಗೆ ವರ್ಚುವಲ್‌ಬಾಕ್ಸ್ ಎಂದು ಪೂರ್ಣ ವಿಳಾಸ ಕೊಡಿ. ‘ಪ್ರೋಗ್ರಾಂ ಫೈಲ್ಸ್’ ನಡುವೆ ಖಾಲಿ ಜಾಗ ಇರುವುದರಿಂದ ವಿಳಾಸಕ್ಕೆ ಉದ್ಧರಣ ಚಿಹ್ನೆ ಬೇಕು. ಲಿನಕ್ಸ್‌ನಲ್ಲಿ ಈ ತಾಪತ್ರಯ ಇಲ್ಲ.

ಉಬುಂಟುವಿನಲ್ಲಿ ಸ್ಕ್ರಿಪ್ಟ್ ಚೆನ್ನಾಗಿ ಓಡಿತು, ಆದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಜೊತೆ ಸೇರಬೇಕಾದ ಮಾಡ್ಯೂಲ್ ಲೋಡ್ ಆಗುತ್ತಿಲ್ಲ. ಎಲ್ಲಿ ತಪ್ಪಾಯಿತು?

ಹೆಚ್ಚಿನ ಸಲ ತಪ್ಪು ಸ್ಕ್ರಿಪ್ಟಿನದಲ್ಲ, ಸೆಕ್ಯೂರ್ ಬೂಟ್ ತಡೆಯುತ್ತಿರುತ್ತದೆ. ವರ್ಚುವಲ್‌ಬಾಕ್ಸ್ ತನ್ನ ಮಾಡ್ಯೂಲ್‌ಗಳನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಸುತ್ತದೆ; ಸಹಿ ಇಲ್ಲದ ಮಾಡ್ಯೂಲ್ ಅನ್ನು ಸೆಕ್ಯೂರ್ ಬೂಟ್ ಒಳಗೆ ಬಿಡುವುದಿಲ್ಲ. ಸಹಿಯ ಕೀಲಿಯನ್ನು ತಯಾರಿಸುವುದು, ಅದನ್ನು ಒಪ್ಪಿಕೊಳ್ಳುವಂತೆ ‘ಮಾಕ್‌ಯುಟಿಲ್’ ಮೂಲಕ ಅರ್ಜಿ ಹಾಕುವುದು, ಇವೆರಡನ್ನೂ ಸ್ಕ್ರಿಪ್ಟ್ ಮಾಡಬಲ್ಲದು. ಆ ಮೇಲೆ ರೀಬೂಟ್ ಆದಾಗ ನೀಲಿ ಪರದೆ ಬಂದು ಗುಪ್ತಪದ ಕೇಳುತ್ತದೆ. ಅಲ್ಲಿ ಮನುಷ್ಯನೊಬ್ಬ ಕೀಬೋರ್ಡ್ ಮುಂದೆ ಇರಲೇಬೇಕು. ಉದ್ದೇಶವೇ ಅದು: ದೂರದಿಂದ ಬಂದ ಕಳ್ಳ ಸ್ಕ್ರಿಪ್ಟ್ ಒಂದು ಈ ಬಾಗಿಲು ದಾಟಬಾರದು. ಪ್ರತಿ ಯಂತ್ರಕ್ಕೂ ಒಮ್ಮೆ ನಡೆದುಹೋಗಿ ಟೈಪ್ ಮಾಡಿ ಬನ್ನಿ, ಸುಮ್ಮನೆ ಸೆಕ್ಯೂರ್ ಬೂಟ್ ಆಫ್ ಮಾಡಬೇಡಿ.

ಸೆಕ್ಯೂರ್ ಬೂಟ್ ಇಲ್ಲದ ಯಂತ್ರದಲ್ಲೂ ಇದೇ ತಕರಾರು ಬಂದರೆ ಕರ್ನಲ್ ಹೆಡರ್‌ಗಳು (ಮಾಡ್ಯೂಲ್ ಕಂಪೈಲ್ ಮಾಡಲು ಬೇಕಾದ ಕಡತಗಳು) ಇವೆಯೇ ನೋಡಿ. ಓಡುತ್ತಿರುವ ಕರ್ನಲ್‌ನ ಹೆಡರ್‌ಗಳೇ ಬೇಕು, ಮೊನ್ನೆಯ ಕರ್ನಲ್‌ನವು ನಡೆಯುವುದಿಲ್ಲ.

ಮೊನ್ನೆಯವರೆಗೆ ಓಡುತ್ತಿದ್ದ ವಿಎಂ (ವರ್ಚುವಲ್ ಯಂತ್ರ), ಲಿನಕ್ಸ್ ಅಪ್‌ಡೇಟ್ ಆದ ಮೇಲೆ ‘ವಿಎಂಎಕ್ಸ್ ರೂಟ್ ಮೋಡ್’ ಎಂದು ಬೈಯುತ್ತಿದೆ.

2024ರ ಕೊನೆಯಲ್ಲಿ ಬಂದ 6.12 ಕರ್ನಲ್‌ನಿಂದ, ವರ್ಚುವಲ್ ಯಂತ್ರ ನಡೆಸಲು ಲಿನಕ್ಸ್‌ನದೇ ಆದ ಕೆವಿಎಂ ಮಾಡ್ಯೂಲ್ ಲೋಡ್ ಆದ ಕೂಡಲೇ ಪ್ರೊಸೆಸರ್‌ನ ವರ್ಚುವಲೈಸೇಷನ್ ಸೌಲಭ್ಯವನ್ನು ಹಿಡಿದುಕೊಂಡು ಕೂರುತ್ತದೆ. ಮೊದಲು ಕೆವಿಎಂ ಯಂತ್ರ ಓಡುವಾಗ ಮಾತ್ರ ಹಿಡಿಯುತ್ತಿತ್ತು. ಕೆವಿಎಂ ಬೇಡವಾದರೆ ಆ ಮಾಡ್ಯೂಲ್‌ಗಳನ್ನು ನಿಷೇಧ ಪಟ್ಟಿಗೆ ಸೇರಿಸಿ. ಎರಡೂ ಬೇಕಾದರೆ ಬೂಟ್ ಸಾಲಿನಲ್ಲಿ ಕೆವಿಎಂನ ‘ಎನೇಬಲ್ ವರ್ಟ್ ಅಟ್ ಲೋಡ್’ ಅನ್ನು ಸೊನ್ನೆ ಮಾಡಿ. ಈ ದಾರಿಯಲ್ಲಿ ಎರಡನ್ನೂ ಏಕಕಾಲಕ್ಕೆ ಓಡಿಸಲು ಮಾತ್ರ ಆಗದು.

ವಿಂಡೋಸ್‌ನಲ್ಲಿ ವಿಎಂ ಆಮೆಯ ಹಾಗೆ ಓಡುತ್ತದೆ, ಕೆಳಗಡೆ ನಿಜವಾಗಿಯೂ ಹಸಿರು ಆಮೆಯ ಚಿತ್ರ ಬರುತ್ತಿದೆ!

ತಮಾಷೆಯಲ್ಲ, ಅದು ಸಂಕೇತವೇ. ವರ್ಚುವಲ್ ಯಂತ್ರ ನಡೆಸಲು ಮೈಕ್ರೋಸಾಫ್ಟ್‌ನದೇ ಆದ ಹೈಪರ್-ವಿ ಪ್ರೊಸೆಸರ್‌ನ ಸೌಲಭ್ಯವನ್ನು ಮೊದಲೇ ಹಿಡಿದಿದೆ, ವರ್ಚುವಲ್‌ಬಾಕ್ಸ್ ಅದರ ಬೆನ್ನ ಮೇಲೆ ಕೂತು ಓಡುತ್ತಿದೆ ಎಂದು ಅರ್ಥ. ನೀವು ಹೈಪರ್-ವಿ ಹಾಕಿಲ್ಲದಿರಬಹುದು. ಲಿನಕ್ಸ್‌ಗಾಗಿ ಹಾಕಿದ ಡಬ್ಲ್ಯುಎಸ್‌ಎಲ್ 2 ಅಥವಾ ವಿಂಡೋಸ್‌ನ ಭದ್ರತಾ ಸೌಲಭ್ಯವಾದ ಕೋರ್ ಐಸೊಲೇಷನ್‌ನ ‘ಮೆಮೊರಿ ಇಂಟೆಗ್ರಿಟಿ’ ಅದನ್ನು ಎಬ್ಬಿಸಿರುತ್ತದೆ. ‘ಬಿಸಿಡಿಎಡಿಟ್’ನಲ್ಲಿ ಹೈಪರ್‌ವೈಸರ್ ಲಾಂಚ್ ಟೈಪ್ ಅನ್ನು ಆಫ್ ಮಾಡಿ ರೀಬೂಟ್ ಮಾಡಿದರೆ ಸಾಮಾನ್ಯವಾಗಿ ಆಮೆ ಹೋಗುತ್ತದೆ, ಜೊತೆಗೆ ಡಬ್ಲ್ಯುಎಸ್‌ಎಲ್ 2 ಕೂಡ ಹೋಗುತ್ತದೆ. ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಓಡುವ ಸ್ಕ್ರಿಪ್ಟ್‌ಗೆ ಈ ಸಾಲನ್ನು ಸೇರಿಸಬೇಡಿ. ಭದ್ರತೆಯ ಗುಂಡಿಯನ್ನು ಅವರನ್ನು ಕೇಳದೆ ಆರಿಸುವ ಹಕ್ಕು ನಮಗಿಲ್ಲ.

ಎಕ್ಸ್‌ಟೆನ್ಷನ್ ಪ್ಯಾಕ್ ಹಾಕುವಾಗ ಪರವಾನಗಿ ತೋರಿಸಿ ಸ್ಕ್ರಿಪ್ಟ್ ನಿಂತುಬಿಡುತ್ತದೆ.

ಒಮ್ಮೆ ಕೈಯಲ್ಲಿ ಹಾಕಿ, ಪರವಾನಗಿಯನ್ನು ಓದಿ, ಒಪ್ಪಿ. ಒಪ್ಪಿದ ಮೇಲೆ ಒಂದು ಉದ್ದನೆಯ ಹ್ಯಾಶ್ ಸಂಖ್ಯೆ ತೆರೆಯ ಮೇಲೆ ಬರುತ್ತದೆ. ಮುಂದಿನ ಸಲ ‘ಎಕ್ಸ್‌ಟ್‌ಪ್ಯಾಕ್ ಇನ್‌ಸ್ಟಾಲ್’ ಕಮಾಂಡಿಗೆ ‘ಅಕ್ಸೆಪ್ಟ್-ಲೈಸೆನ್ಸ್’ ಆಯ್ಕೆಯಾಗಿ ಆ ಹ್ಯಾಶ್ ಅನ್ನೇ ಕೊಟ್ಟರೆ ಕೇಳುವುದಿಲ್ಲ. ಕಂತೆಯ ಆವೃತ್ತಿಯೂ ವರ್ಚುವಲ್‌ಬಾಕ್ಸ್‌ನ ಆವೃತ್ತಿಯೂ ಹೊಂದಬೇಕು.

## ಒಳಗಿನ ಯಂತ್ರವನ್ನು ಕಟ್ಟುವುದು

ಮೌಸ್ ಮುಟ್ಟದೆ ಒಂದು ವಿಎಂ ಕಟ್ಟಲು ಯಾವ ಕಮಾಂಡ್‌ಗಳು, ಯಾವ ಕ್ರಮದಲ್ಲಿ?

ಎಲ್ಲವೂ ‘ವಿಬಾಕ್ಸ್‌ಮ್ಯಾನೇಜ್’ ಎಂಬ ಒಂದೇ ಕಮಾಂಡಿನ ಮಕ್ಕಳು. ಮೊದಲು ‘ಕ್ರಿಯೇಟ್‌ವಿಎಂ’: ಹೆಸರು, ಆಪರೇಟಿಂಗ್ ಸಿಸ್ಟಮ್‌ನ ಬಗೆ, ಮರೆಯದೆ ‘ರಿಜಿಸ್ಟರ್’ ಆಯ್ಕೆ. ರಿಜಿಸ್ಟರ್ ಮಾಡದಿದ್ದರೆ ಯಂತ್ರ ಹುಟ್ಟುತ್ತದೆ, ಆದರೆ ಮನೆಯ ಲೆಕ್ಕಕ್ಕೆ ಸೇರುವುದಿಲ್ಲ. ಮುಂದಿನ ಕಮಾಂಡ್‌ಗಳಿಗೆ ಕಾಣಿಸುವುದೂ ಇಲ್ಲ. ಆಮೇಲೆ ‘ಮಾಡಿಫೈವಿಎಂ’ನಲ್ಲಿ ಮೆಮೊರಿ 4096, ಪ್ರೊಸೆಸರ್ 2, ಗ್ರಾಫಿಕ್ಸ್ ಕಂಟ್ರೋಲರ್ ‘ವಿಎಂಎಸ್‌ವಿಜಿಎ’. ‘ಕ್ರಿಯೇಟ್‌ಮೀಡಿಯಂ’ನಿಂದ ಡಿಸ್ಕ್, ಅಳತೆ ಎಂಬಿಯಲ್ಲಿ, ಅಂದರೆ 25 ಜಿಬಿಗೆ 25600. ಇಲ್ಲಿ 25 ಎಂದು ಬರೆದು, ಉಬುಂಟು ಏಕೆ ಕೂರುತ್ತಿಲ್ಲ ಎಂದು ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ಬಳಿಕ ‘ಸ್ಟೋರೇಜ್‌ಸಿಟಿಎಲ್’ನಿಂದ ಡಿಸ್ಕ್ ಜೋಡಿಸಲು ಸಾಟಾ ಕಂಟ್ರೋಲರ್, ‘ಸ್ಟೋರೇಜ್‌ಅಟ್ಯಾಚ್’ ಎರಡು ಸಲ: ಒಮ್ಮೆ ಡಿಸ್ಕ್, ಒಮ್ಮೆ ಐಎಸ್‌ಒ ಕಡತ (ಉಬುಂಟು ಅಳವಡಿಸುವ ಡಿಸ್ಕ್‌ನ ಪ್ರತಿ). ಕೊನೆಗೆ ‘ಸ್ಟಾರ್ಟ್‌ವಿಎಂ’. ಪರದೆ ಬೇಡವಾದರೆ ‘ಟೈಪ್ ಹೆಡ್‌ಲೆಸ್’ ಸೇರಿಸಿ, ತೆರೆಮರೆಯಲ್ಲಿ ಓಡುತ್ತದೆ.

ಹೆಸರು, ಮೆಮೊರಿ, ಡಿಸ್ಕ್ ಅಳತೆಗಳನ್ನು ಸ್ಕ್ರಿಪ್ಟಿನ ತಲೆಯಲ್ಲೇ ವೇರಿಯೆಬಲ್‌ಗಳಾಗಿ ಇಡಿ. ಮುಂದಿನ ವರ್ಷ ಆ ಮೂರು ಸಾಲು ಬದಲಿಸಿದರೆ ಮುಗಿಯಿತು.

ಉಬುಂಟು ಕೇಳುವ ಭಾಷೆ, ಊರು, ಹೆಸರು ಇವಕ್ಕೆಲ್ಲ ಯಾರು ಉತ್ತರಿಸಬೇಕು?

ವರ್ಚುವಲ್‌ಬಾಕ್ಸೇ ಉತ್ತರಿಸುತ್ತದೆ. 2017ರಲ್ಲಿ ಬಂದ 5.2 ಆವೃತ್ತಿಯಿಂದ ‘ಅನ್‌ಅಟೆಂಡೆಡ್ ಇನ್‌ಸ್ಟಾಲ್’ ಎಂಬ ಉಪಕಮಾಂಡ್ ಇದೆ. ಐಎಸ್‌ಒ, ಬಳಕೆದಾರ ಹೆಸರು, ಗುಪ್ತಪದ, ಹೋಸ್ಟ್‌ನೇಮ್, ಕಾಲವಲಯ (ಏಷ್ಯಾ/ಕೋಲ್ಕತ್ತಾ), ಗೆಸ್ಟ್ ಅಡಿಷನ್ಸ್ (ಗೆಸ್ಟ್‌ನೊಳಗೆ ಹಾಕುವ ವರ್ಚುವಲ್‌ಬಾಕ್ಸ್‌ನ ಪೂರಕ ತಂತ್ರಾಂಶ) ಬೇಕೇ ಬೇಡವೇ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೊಡಬಹುದು. 7.0ರಿಂದ ಕಿಟಕಿಯಲ್ಲಿ ಕೈಯಾರೆ ವಿಎಂ ಮಾಡುವಾಗಲೂ ಐಎಸ್‌ಒ ಆರಿಸಿದ ಕೂಡಲೇ ಇದೇ ವಿಧಾನ ತಾನಾಗಿ ಚಾಲೂ ಆಗುತ್ತದೆ. ‘ನಾನು ಏನೂ ಕೊಟ್ಟಿಲ್ಲ, ವಿಬಾಕ್ಸ್‌ಯೂಸರ್ ಎಂಬ ಹೆಸರು ಎಲ್ಲಿಂದ ಬಂತು’ ಎಂದು ಬೆರಗಾಗುವವರಿಗೆ ಉತ್ತರ ಇದು. ಬೇಡವಾದರೆ 7.0ರಲ್ಲಿ ‘ಸ್ಕಿಪ್ ಅನ್‌ಅಟೆಂಡೆಡ್’ ಚೌಕಕ್ಕೆ ಗುರುತು ಹಾಕಿ.

ಒಂದು ಕೊರತೆ ಇದೆ. 7.0ರಲ್ಲಿ ಹೀಗೆ ಹಾಕಿದ ಉಬುಂಟು 22.04ರ ಬಳಕೆದಾರನಿಗೆ ‘ಸುಡೊ’ (ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಓಡಿಸುವ) ಅಧಿಕಾರ ಸಿಕ್ಕಿರುವುದಿಲ್ಲ. ಅಳವಡಿಕೆ ಮುಗಿದ ಮೇಲೆ ಓಡಿಸಬೇಕಾದ ಕಮಾಂಡ್ ಕೊಡಲು ‘ಪೋಸ್ಟ್-ಇನ್‌ಸ್ಟಾಲ್-ಕಮಾಂಡ್’ ಆಯ್ಕೆ ಇದೆ. ಬಳಕೆದಾರನನ್ನು ಸುಡೊ ಗುಂಪಿಗೆ ಸೇರಿಸುವ ಸಾಲನ್ನು ಅಲ್ಲಿ ಇಡಿ.

ಎಲ್ಲ ವಿಎಂಗಳಿಗೂ 10.0.2.15 ಎಂಬ ಒಂದೇ ವಿಳಾಸ ಬಂದಿದೆ. ಜಗಳ ಆಗುವುದಿಲ್ಲವೇ?

ಆಗುವುದಿಲ್ಲ. ನ್ಯಾಟ್ ವಿಧಾನದಲ್ಲಿ ಪ್ರತಿ ವಿಎಂಗೂ ಅದರದೇ ಪುಟ್ಟ ಪ್ರತ್ಯೇಕ ಜಾಲ. ಊರೂರಿನಲ್ಲೂ ಮೊದಲನೇ ಅಡ್ಡರಸ್ತೆ ಇರುವಂತೆ. ಹೊರಗಿನಿಂದ ಒಳಗೆ ಹೋಗಲು ಪೋರ್ಟ್ ಫಾರ್ವರ್ಡ್ ಮಾಡಬೇಕು, ಉದಾಹರಣೆಗೆ ಹೊರಗಿನ 2222 ಅನ್ನು ಒಳಗಿನ 22ಕ್ಕೆ. ವಿಎಂಗಳು ಪರಸ್ಪರ ಮಾತಾಡಬೇಕಾದರೆ ‘ಹೋಸ್ಟ್-ಓನ್ಲಿ’ ಜಾಲ ಹಾಕಿ. 6.1.28ರಿಂದ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಇದಕ್ಕೆ 192.168.56.0ಯಿಂದ 192.168.63.255ರವರೆಗಿನ ವಿಳಾಸಗಳಿಗೆ ಮಾತ್ರ ಅನುಮತಿ. ಹಳೆಯ ಸ್ಕ್ರಿಪ್ಟ್‌ಗಳು 192.168.33 ಎಂದು ಬರೆದುಕೊಂಡು ಇಲ್ಲಿ ಮುರಿದುಬೀಳುತ್ತವೆ.

ಒಂದನ್ನು ಕಟ್ಟಿ ಅದರ ವಿಡಿಐ (ವರ್ಚುವಲ್ ಡಿಸ್ಕ್) ಕಡತವನ್ನು 40 ಕಡೆ ಕಾಪಿ ಮಾಡಿದರೆ ಸಾಲದೇ?

ಒಳ್ಳೆಯ ಆಲೋಚನೆ, ಆದರೆ ಅವಳಿಜವಳಿಗಳ ಕಥೆಯಾಗುತ್ತದೆ. ಒಂದೇ ಕಂಪ್ಯೂಟರ್‌ನಲ್ಲಿ ಕಾಪಿ ಮಾಡಿದ ಡಿಸ್ಕ್ ಅನ್ನು ಸೇರಿಸಹೋದರೆ ಯುಯುಐಡಿ (ಡಿಸ್ಕ್‌ನ ಗುರುತಿನ ಸಂಖ್ಯೆ) ಈಗಾಗಲೇ ಇದೆ ಎಂದು ದೂರು ಬರುತ್ತದೆ. ಸಾದಾ ಕಾಪಿಯ ಬದಲು ‘ಕ್ಲೋನ್‌ವಿಎಂ’ ಬಳಸಿ. ಹೆಚ್ಚು ಸತಾಯಿಸುವುದು ಇನ್ನೊಂದು ತೊಂದರೆ. ಉಬುಂಟುವಿನ ಈಟಿಸಿ ಫೋಲ್ಡರ್‌ನಲ್ಲಿ ‘ಮಷಿನ್-ಐಡಿ’ ಎಂಬ ಕಡತವಿದೆ. ಎಲ್ಲ ಪ್ರತಿಗಳಲ್ಲೂ ಅದು ಒಂದೇ ಆಗಿದ್ದರೆ, ಬ್ರಿಜ್ಡ್ ಜಾಲದಲ್ಲಿ (ವಿಎಂ ನೇರವಾಗಿ ಹೊರಗಿನ ಜಾಲಕ್ಕೆ ಸೇರುವ ವಿಧಾನ) ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಬೇರೆಯಾದರೂ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಎಲ್ಲವಕ್ಕೂ ಒಂದೇ ಐಪಿ ಹಂಚಬಹುದು. ಒಬ್ಬ ವಿದ್ಯಾರ್ಥಿಗೆ ಬರುವ ನೆಟ್ ಇನ್ನೊಬ್ಬನಿಗೆ ಹೋಗುತ್ತದೆ, ಇಬ್ಬರೂ ನಿಮ್ಮನ್ನು ಬೈಯುತ್ತಾರೆ. ಪ್ರತಿ ಮಾಡುವ ಮುನ್ನ ಆ ಕಡತವನ್ನು ಅಳಿಸಬೇಡಿ, ಬರಿದು ಮಾಡಿ. ಮುಂದಿನ ಬೂಟ್‌ನಲ್ಲಿ ಹೊಸದು ಹುಟ್ಟುತ್ತದೆ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಹೋಸ್ಟ್ ಕೀಲಿಗಳನ್ನು ಮಾತ್ರ ತೆಗೆದುಹಾಕಿ, ಪ್ರತಿಯಲ್ಲಿ ಹೊಸದಾಗಿ ತಯಾರಿಸುವ ಸಾಲು ಇರಲಿ.

ಹೊರಗೆ ಕನ್ನಡ ಟೈಪ್ ಆಗುತ್ತದೆ, ವಿಎಂ ಒಳಗೆ ಆಗುವುದಿಲ್ಲ. ಅದನ್ನೂ ಸ್ಕ್ರಿಪ್ಟ್‌ನಲ್ಲೇ ಸರಿಮಾಡಬಹುದೇ?

ಮಾಡಬಹುದು. ಒಳಗಿನ ಯಂತ್ರಕ್ಕೆ ತಲುಪುವುದು ಯಾವ ಗುಂಡಿ ಒತ್ತಿದಿರಿ ಎಂಬ ಸಂಕೇತ ಮಾತ್ರ, ನೀವು ಬರೆದ ಅಕ್ಷರವಲ್ಲ. ಆದ್ದರಿಂದ ಕೀಲಿಮಣೆಯ ವಿನ್ಯಾಸ ಒಳಗೂ ಬೇಕು. ಉಬುಂಟುವಿನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಮತ್ತು ‘ಐಬಸ್-ಎಂ17ಎನ್’ ಪ್ಯಾಕೇಜ್‌ಗಳನ್ನು ಹಾಕುವ ಸಾಲು ಸೇರಿಸಿ. ಎಂ17ಎನ್ ಜೊತೆಗೆ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ಕೂಡ ಬರುತ್ತವೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಕಗಪ ಸಲೀಸು.

## ಮುಂದುವರಿದವರಿಗೆ

ವೇಗ್ರಂಟ್ ಇರುವಾಗ ಇಷ್ಟೆಲ್ಲ ಕಮಾಂಡ್ ಬರೆಯುವುದು ದಡ್ಡತನವಲ್ಲವೇ?

ಹೆಚ್ಚಿನವರಿಗೆ ಹೌದು. ಮಿಚೆಲ್ ಹಾಶಿಮೊಟೊ 2010ರಲ್ಲಿ ಹೊರತಂದ, ವಿಎಂ ಕಟ್ಟಿಕೊಡುವ ಸಾಧನವಾದ ವೇಗ್ರಂಟ್‌ನಲ್ಲಿ ಯಾವ ‘ಬಾಕ್ಸ್’ (ಮೊದಲೇ ಸಿದ್ಧಪಡಿಸಿದ ವಿಎಂ) ಬೇಕು, ಎಷ್ಟು ಮೆಮೊರಿ, ಒಳಗೆ ಏನೇನು ಹಾಕಬೇಕು ಎಂಬುದನ್ನು ‘ವೇಗ್ರಂಟ್‌ಫೈಲ್’ ಎಂಬ ಕಡತದಲ್ಲಿ ಬರೆದು ‘ವೇಗ್ರಂಟ್ ಅಪ್’ ಎಂದರೆ ಸಾಕು. ‘ವೇಗ್ರಂಟ್ ಡಿಸ್ಟ್ರಾಯ್’ ಎಂದರೆ ಎಳ್ಳುನೀರು. ಪೋರ್ಟ್ 2222, ಎಸ್‌ಎಸ್‌ಎಚ್ ಕೀಲಿ, ಹಂಚಿದ ಫೋಲ್ಡರ್ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ.

ಆದರೂ ಕೆಳಗಿನ ಪದರವನ್ನು ಒಮ್ಮೆ ಕೈಯಾರೆ ಮಾಡಿರಬೇಕು ಎಂಬುದು ನನ್ನ ಹಟ, ಏಕೆಂದರೆ ವೇಗ್ರಂಟ್ ಕೈಕೊಟ್ಟಾಗ ಕಾಣುವ ದೋಷ ಸಂದೇಶ ವಿಬಾಕ್ಸ್‌ಮ್ಯಾನೇಜ್‌ನದೇ. ಮತ್ತೆರಡು ಎಚ್ಚರಿಕೆ. ವೇಗ್ರಂಟ್ ತನಗೆ ಗೊತ್ತಿರುವ ವರ್ಚುವಲ್‌ಬಾಕ್ಸ್ ಆವೃತ್ತಿಗಳನ್ನಷ್ಟೇ ಒಪ್ಪುತ್ತದೆ. ಹೊಸ ವರ್ಚುವಲ್‌ಬಾಕ್ಸ್ ಬಂದ ದಿನವೇ ಏರಿಸಿಕೊಂಡರೆ ವೇಗ್ರಂಟ್‌ನ ಮುಂದಿನ ಆವೃತ್ತಿಗೆ ಕಾಯುತ್ತ ಕೂರಬೇಕಾದೀತು. ಎರಡನೆಯದು, 2023ರಲ್ಲಿ ವೇಗ್ರಂಟ್‌ನ ಕಂಪನಿ ಹಾಶಿಕಾರ್ಪ್ ತನ್ನ ಉತ್ಪನ್ನಗಳ ಪರವಾನಗಿಯನ್ನು ಬದಲಿಸಿತು. ಕಲಿಯುವವರಿಗೆ, ಲ್ಯಾಬ್‌ಗಳಿಗೆ ತೊಂದರೆಯಿಲ್ಲ. ಇದರ ಮೇಲೆ ವ್ಯಾಪಾರ ಕಟ್ಟುವವರು ಓದಿ ನೋಡಲಿ. ಬೇರೆಯವರ ಬಾಕ್ಸ್ ನಂಬದವರು ಅದೇ ಕಂಪನಿಯ ‘ಪ್ಯಾಕರ್’ನಿಂದ ಐಎಸ್‌ಒ ಹಿಡಿದು ತಮ್ಮದೇ ಬಾಕ್ಸ್ ಕಟ್ಟಿಕೊಳ್ಳಬಹುದು.

ಸ್ಕ್ರಿಪ್ಟ್ ಅರ್ಧಕ್ಕೆ ನಿಂತಿತು. ಮತ್ತೆ ಓಡಿಸಿದರೆ ‘ಈ ಹೆಸರಿನ ಯಂತ್ರ ಇದೆ’ ಎನ್ನುತ್ತದೆ.

ಪ್ರತಿ ಹಂತವೂ ಮೊದಲು ‘ಈ ಕೆಲಸ ಆಗಿದೆಯೇ’ ಎಂದು ಕೇಳಿ, ಆಗಿದ್ದರೆ ದಾಟಿ ಹೋಗಬೇಕು. ‘ಲಿಸ್ಟ್ ವಿಎಂಎಸ್’ನಲ್ಲಿ ಹೆಸರು ಹುಡುಕಿ, ಇಲ್ಲದಿದ್ದರೆ ಮಾತ್ರ ಸೃಷ್ಟಿಸಿ. ಅರೆಬರೆ ಯಂತ್ರವನ್ನು ರಿಪೇರಿ ಮಾಡುವುದಕ್ಕಿಂತ ‘ಅನ್‌ರಿಜಿಸ್ಟರ್‌ವಿಎಂ’ ಜೊತೆ ‘ಡಿಲೀಟ್’ ಆಯ್ಕೆ ಕೊಟ್ಟು ಬುಡಸಮೇತ ತೆಗೆದು ಹೊಸದಾಗಿ ಕಟ್ಟುವುದೇ ನನ್ನ ರೂಢಿ. ಒಳಗೆ ಯಾರ ಕಡತವೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ.

ಇನ್ನೊಂದು ಪಾಪ ‘ಸ್ಲೀಪ್ 60’. ವಿಎಂ ಏಳಲು ಒಂದು ನಿಮಿಷ ಸಾಕೆಂದು ಅಂದಾಜು ಮಾಡಿ ಬರೆದಿರುತ್ತಾರೆ. ಹೊಸ ಎಸ್‌ಎಸ್‌ಡಿಯಲ್ಲಿ 40 ಸೆಕೆಂಡ್ ಹಾಳು, ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಎರಡು ನಿಮಿಷವಾದರೂ ಎದ್ದಿರುವುದಿಲ್ಲ. ಎಸ್‌ಎಸ್‌ಎಚ್ ಪೋರ್ಟ್ ಉತ್ತರಿಸುವವರೆಗೆ ಐದೈದು ಸೆಕೆಂಡಿಗೊಮ್ಮೆ ತಟ್ಟಿ ನೋಡಿ, ಹತ್ತು ನಿಮಿಷ ಮೀರಿದರೆ ಸೋತೆನೆಂದು ಹೇಳಿ ನಿಲ್ಲುವಂತೆ ಬರೆಯಿರಿ.

ಗುಪ್ತಪದವನ್ನು ಸ್ಕ್ರಿಪ್ಟಿನಲ್ಲೇ ಬರೆದಿದ್ದೇನೆ. ತಪ್ಪೇ?

ತಪ್ಪು. ಆ ಸ್ಕ್ರಿಪ್ಟ್ ಇವತ್ತಲ್ಲ ನಾಳೆ ಪೆನ್‌ಡ್ರೈವ್‌ನಲ್ಲಿ ಊರೆಲ್ಲ ಸುತ್ತುತ್ತದೆ. ಗುಪ್ತಪದವನ್ನು ಬೇರೆ ಕಡತದಿಂದ ಓದಿಸುವ ಆಯ್ಕೆ ಅನ್‌ಅಟೆಂಡೆಡ್ ಇನ್‌ಸ್ಟಾಲ್‌ನಲ್ಲೇ ಇದೆ.

ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಓಡುತ್ತಿರುವ ವಿಎಂಗಳ ಗತಿ?

ಯುಪಿಎಸ್ ಇದ್ದರೆ ಅದರ ತಂತ್ರಾಂಶ ‘ಬ್ಯಾಟರಿಗೆ ಬಂದಿದ್ದೇನೆ’ ಎಂದು ತಿಳಿಸಿದಾಗ ಓಡುವಂತೆ ಒಂದು ಸಣ್ಣ ಸ್ಕ್ರಿಪ್ಟ್ ಇಡಿ: ‘ಲಿಸ್ಟ್ ರನ್ನಿಂಗ್‌ವಿಎಂಎಸ್’ನಿಂದ ಹೆಸರು ತೆಗೆದು, ಒಂದೊಂದಕ್ಕೂ ‘ಕಂಟ್ರೋಲ್‌ವಿಎಂ’ ಜೊತೆ ‘ಸೇವ್‌ಸ್ಟೇಟ್’. ವಿದ್ಯಾರ್ಥಿ ಬರೆಯುತ್ತಿದ್ದ ಸಾಲು ಸಮೇತ ಯಂತ್ರ ನಿದ್ದೆಗೆ ಹೋಗುತ್ತದೆ, ಕರೆಂಟ್ ಬಂದ ಮೇಲೆ ಅಲ್ಲಿಂದಲೇ ಏಳುತ್ತದೆ. 4 ಜಿಬಿ ಮೆಮೊರಿಯನ್ನು ಹಳೆಯ ಹಾರ್ಡ್ ಡಿಸ್ಕ್‌ಗೆ ಬರೆಯಲು ಸಮಯ ಹಿಡಿಯುವುದರಿಂದ ಬ್ಯಾಟರಿ ಎಷ್ಟು ನಿಮಿಷ ತಾಳುತ್ತದೆ ಎಂಬುದನ್ನು ಒಮ್ಮೆ ಪ್ಲಗ್ ಕಿತ್ತು ಅಳೆದುಕೊಳ್ಳಿ. ಸ್ನ್ಯಾಪ್‌ಶಾಟ್ (ವಿಎಂನ ಒಂದು ಕ್ಷಣದ ಸ್ಥಿತಿಯ ಉಳಿಕೆ) ಇದೆಯಲ್ಲ ಎಂದು ಸುಮ್ಮನಿರಬೇಡಿ. ಅದೂ ಅದೇ ಡಿಸ್ಕ್‌ನಲ್ಲೇ ಇರುತ್ತದೆ.

ಎಂ ಸರಣಿಯ ಮ್ಯಾಕ್‌ನಲ್ಲಿ ಇದೇ ಸ್ಕ್ರಿಪ್ಟ್ ಓಡುತ್ತದೆಯೇ?

ಹಾಗೆಯೇ ಓಡುವುದಿಲ್ಲ. 2024ರ 7.1 ಆವೃತ್ತಿಯಿಂದ ಆಪಲ್‌ನ ಎಆರ್‌ಎಂ (ಇಂಟೆಲ್‌ಗಿಂತ ಬೇರೆ ಬಗೆಯ ಪ್ರೊಸೆಸರ್) ಮ್ಯಾಕ್‌ಗಳಲ್ಲಿ ವರ್ಚುವಲ್‌ಬಾಕ್ಸ್ ನಡೆಯುತ್ತದೆ, ಆದರೆ ಒಳಗಿನ ಯಂತ್ರವೂ ಎಆರ್‌ಎಂನದೇ ಆಗಿರಬೇಕು. ಇಂಟೆಲ್ ಉಬುಂಟುವಿನ ಐಎಸ್‌ಒ ಬೂಟ್ ಆಗದು. ಎಆರ್‌ಎಂ ಐಎಸ್‌ಒ ತಂದು, ಕ್ರಿಯೇಟ್‌ವಿಎಂಗೆ ಕೊಡುವ ಬಗೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿ. ಸರಿಯಾದ ಹೆಸರು ‘ಲಿಸ್ಟ್ ಓಎಸ್‌ಟೈಪ್ಸ್’ ಎಂದರೆ ಸಿಗುತ್ತದೆ. ವೇಗ್ರಂಟ್ ಬಳಸುವವರು ಬಾಕ್ಸ್ ಆರಿಸುವಾಗಲೂ ಎಆರ್‌ಎಂಗೆ ಕಟ್ಟಿದ್ದೇ ಎಂದು ನೋಡಿಕೊಳ್ಳಬೇಕು. ತರಗತಿಯಲ್ಲಿ ಇಬ್ಬರೋ ಮೂವರೋ ಮ್ಯಾಕ್ ತಂದಿರುತ್ತಾರೆ. ಅವರಿಗೆಂದು ಪ್ರತ್ಯೇಕ ಸ್ಕ್ರಿಪ್ಟ್ ಬರೆಯದೆ, ಪ್ರೊಸೆಸರ್ ಯಾವುದೆಂದು ನೋಡಿ ಐಎಸ್‌ಒ ಹೆಸರನ್ನೂ ಬಗೆಯನ್ನೂ ಬದಲಿಸುವ ಒಂದು ‘ಇಫ್’ ಅನ್ನು ಸ್ಕ್ರಿಪ್ಟಿನ ತಲೆಯಲ್ಲಿ ಇಟ್ಟಿದ್ದೇನೆ.